ಒಂದನೇ ನಂಬರಿನ ಸ್ವೆಟರ್

ಬಳ್ಳಾರಿ, ಹೊರಡುವ ಮೊದಲು

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬರವಣಿಗೆಯಲ್ಲಿ ಅದನ್ನು ಹುಡುಕುವ ಕಷ್ಟ ಬೇಡ. ಬಳ್ಳಾರಿಯಲ್ಲಿ ನನ್ನದೊಂದು ಜೀನ್ಸ್ ಹೊಲಿಯುವ ಯೂನಿಟ್ ಇದೆ. ಹೊಲಿಯುವವರು, ಒಗೆಯುವವರು, ಗುಂಡಿ ಹಾಕುವವರು ಬೇರೆ ಬೇರೆ ಇದ್ದಾರೆ. ಹೊಸ ಅಳತೆಯ ಮೊದಲ ಪ್ಯಾಂಟನ್ನು ಮಾತ್ರ ಇವತ್ತಿಗೂ ನಾನೇ ಕತ್ತರಿಸುತ್ತೇನೆ. ಎದುರಿಗೆ ಬಂದವರ ಸೊಂಟ ಎಷ್ಟೆಂದು ಟೇಪು ಹಿಡಿಯದೆ ಹೇಳಬಲ್ಲೆ.

ನನ್ನ ಮಗಳು ಶಿವಲೀಲಾ ಓದುವುದು ಮಣ್ಣಿನ ವಿಷಯ. ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ ನಮ್ಮದೊಂದು ಭತ್ತದ ಹೊಲವಿದೆ. ಅದರ ತಗ್ಗಿನ ಮೂಲೆ, ಕಾಲುವೆ ನೀರು ಉಂಡು ಉಂಡು, ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅಲ್ಲಿ ಒಂದು ಪೈರೂ ಏಳುವುದಿಲ್ಲ. ಚಿಕ್ಕವಳಿದ್ದಾಗ ಆ ಮಣ್ಣನ್ನು ನಾಲಿಗೆಗೆ ಹಚ್ಚಿ, ಉಪ್ಪು ಉಪ್ಪು ಎಂದು ಓಡಿಬಂದಿದ್ದಳು. ಅದೇ ಉಪ್ಪಿನ ಬೆನ್ನು ಹತ್ತಿ ರಾಯಚೂರಿನಲ್ಲಿ ಕೃಷಿ ಓದಿದಳು, ಅಮೆರಿಕಕ್ಕೆ ಹೋಗಿ ಇನ್ನೆರಡು ವರ್ಷ ಓದಿದಳು. ಈಗ ಪಿಎಚ್‌ಡಿಗೆ ಅಲ್ಲಿನ ಎರಡು ವಿಶ್ವವಿದ್ಯಾಲಯಗಳು ಅವಳನ್ನು ಕರೆದಿದ್ದವು. ಒಂದು, ಇಡೀ ದೇಶಕ್ಕೇ ಒಂದನೇ ನಂಬರು. ಇನ್ನೊಂದರ ನಂಬರು ಹುಡುಕಲು ನಾನು ಫೋನಿನ ಪರದೆಯನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ತಳ್ಳಬೇಕಾಯಿತು.

ಈ ನಂಬರು ಕೊಡುವ ಪಟ್ಟಿಗಳೂ ಅಲ್ಲಿ ಒಂದಲ್ಲ. ಒಂದು ಪಟ್ಟಿಯಲ್ಲಿ ಒಂದನೆಯದಾಗಿದ್ದದ್ದು ಇನ್ನೊಂದರಲ್ಲಿ ನಾಲ್ಕನೆಯದು, ಮತ್ತೊಂದರಲ್ಲಿ ಎರಡನೆಯದು. ಒಂದೇ ಪ್ಯಾಂಟಿನ ಸೊಂಟ ಮೂರು ಟೇಪಿನಲ್ಲಿ ಮೂರು ಅಳತೆ ತೋರಿಸಿದರೆ ನನ್ನ ಯೂನಿಟ್‌ನಲ್ಲಿ ಮೂರೂ ಟೇಪನ್ನು ಎಸೆಯುತ್ತೇನೆ. ಇಲ್ಲಿ ಎಸೆಯಲಿಲ್ಲ. ಒಂದು ಎಂದು ತೋರಿಸಿದ ಟೇಪನ್ನೇ ಜೇಬಿಗೆ ಹಾಕಿಕೊಂಡೆ.

ಎರಡೂ ಕಡೆ ಹೋಗಿ ಕಣ್ಣಾರೆ ನೋಡಿ, ಹತ್ತು ದಿನದೊಳಗೆ ಉತ್ತರ ಕೊಡಬೇಕಿತ್ತು. ನೀನೂ ಬಾರಪ್ಪ, ಜೊತೆಗೇ ನೋಡೋಣ ಎಂದಳು ಮಗಳು. ಅವಳು ಅಲ್ಲಿ ಓದುತ್ತಿದ್ದಾಗಲೇ ಮಾಡಿಸಿದ್ದ ವೀಸಾ ನನ್ನ ಬಳಿ ಇತ್ತು. ನನ್ನ ಲೆಕ್ಕದಲ್ಲಿ ನೋಡುವುದೇನೂ ಇರಲಿಲ್ಲ. ಹೊರಡುವ ಮುಂಚಿನ ದಿನವೇ ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ ಪಂಪಾಪತಿಗೆ ಫೋನು ಮಾಡಿ, ಒಂದನೇ ನಂಬರಿನಲ್ಲಿ ಸೀಟು ಸಿಕ್ಕಿತೆಂದು ಹೇಳಿದೆ. ಇನ್ನೊಂದರ ವಿಷಯ ಎತ್ತಲಿಲ್ಲ.

ಒಂದನೇ ನಂಬರಿನ ಊರು

ಅಲ್ಲಿ ಇಳಿದ ದಿನವೇ ಕಣ್ಣಿಗೆ ಬಿದ್ದದ್ದು ಕಾರುಗಳ ಹಿಂದಿನ ಗಾಜು. ನಮ್ಮ ಕಡೆ ಆ ಗಾಜಿನ ಮೇಲೆ ಮನೆದೇವರ ಹೆಸರು, ತಂದೆ ತಾಯಿಯ ಆಶೀರ್ವಾದ, ಇಲ್ಲವೇ ಸಂಘದ ಹೆಸರು ಬರೆಸುತ್ತೇವೆ. ಅವರು ಮಕ್ಕಳು ಓದುವ ಕಾಲೇಜಿನ ಹೆಸರು ಅಂಟಿಸುತ್ತಾರೆ. ಮೂರು ಮಕ್ಕಳಿದ್ದರೆ ಮೂರು ಚೀಟಿ. ಅದರಲ್ಲೂ ಹೆಸರಾದ ಕಾಲೇಜಿನ ಚೀಟಿ ಮೇಲೆ, ಉಳಿದದ್ದು ಕೆಳಗಿನ ಮೂಲೆಯಲ್ಲಿ. ಆ ಕೆಳಗಿನ ಮೂಲೆಯ ಮಗು ದಿನಾ ಅದೇ ಕಾರಿನಲ್ಲಿ ಕೂರಬೇಕಲ್ಲ ಎಂದು ನನಗೆ ಒಂದು ಕ್ಷಣ ಅನಿಸಿತು. ಅನಿಸಿದ್ದನ್ನು ಅಲ್ಲೇ ಬಿಟ್ಟೆ.

ವಿಶ್ವವಿದ್ಯಾಲಯದ ಬಾಗಿಲಲ್ಲಿ ಜನವೋ ಜನ. ನಮ್ಮ ಹಂಪಿಗೆ ಹೊರದೇಶದವರು ಬಂದು ಕಂಬ ಕಂಬಕ್ಕೂ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಇಲ್ಲಿ ಜೀವಂತ ಶಾಲೆಗೆ ಹಾಗೆ ಬಂದಿದ್ದರು. ಒಬ್ಬ ವಿದ್ಯಾರ್ಥಿನಿ ನಮ್ಮ ಗುಂಪಿಗೆ ಎಲ್ಲವನ್ನೂ ತೋರಿಸಿದಳು. ವಿಚಿತ್ರವೆಂದರೆ ಅವಳು ಹಿಮ್ಮುಖವಾಗಿ ನಡೆಯುತ್ತಾಳೆ. ಮುಖ ನಮ್ಮ ಕಡೆ, ಕಾಲು ಹಿಂದಕ್ಕೆ, ಬಾಯಿ ಒಂದೇ ಸಮ ಮಾತು. ಎಲ್ಲ ಕಾಲೇಜಿನಲ್ಲೂ ಹೀಗೇ ತೋರಿಸುವುದಂತೆ. ಮೆಟ್ಟಿಲು ಬಂದಾಗಲೆಲ್ಲ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಬಿದ್ದರೆ ಹಿಡಿಯೋಣವೆಂದು. ಅವಳು ಬೀಳಲಿಲ್ಲ. ಎಡವಿದವನು ನಾನು.

ಗುಂಪಿನಲ್ಲಿದ್ದ ದೊಡ್ಡ ಹೊಟ್ಟೆಯ ಮನುಷ್ಯನೊಬ್ಬ, ಸೊಂಟ ನಲವತ್ತೆರಡು ಇರಬಹುದು, ಹೆಸರು ಕೇಳುವ ಮೊದಲೇ ನೀವು ಓದಿದ್ದು ಎಲ್ಲಿ ಎಂದು ಕೇಳಿದ. ಅಲ್ಲಿ ಇದು ನಮ್ಮಲ್ಲಿ ಯಾವ ಊರು, ಯಾರ ಪೈಕಿ ಎಂದು ಕೇಳಿದ ಹಾಗೆ. ಸಿರುಗುಪ್ಪ ಎಂದೆ. ಅವನು ತಲೆಯಾಡಿಸಿ, ಬಹಳ ಒಳ್ಳೆಯ ಜಾಗ ಎಂದ. ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆ ಅವನಿಗೆ. ನಾನೂ ಹೌದೆಂದೆ. ಮಗಳು ಮುಖ ತಿರುಗಿಸಿ ನಕ್ಕಳು. ಆ ಊರಿನಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಚಳಿ ತಡೆಯಲಾಗಲಿಲ್ಲ. ಅವರದೇ ಅಂಗಡಿಗೆ ಹೊಕ್ಕೆವು. ಪೆನ್ನಿನಿಂದ ಹಿಡಿದು ಕೂಸಿನ ಚಡ್ಡಿಯವರೆಗೆ ಎಲ್ಲದರ ಮೇಲೂ ಅವರ ಹೆಸರು. ಎದೆಯ ಮೇಲೆ ಗೇಣುದ್ದ ಅಕ್ಷರ ಇರುವ ಸ್ವೆಟರ್ ಒಂದನ್ನು ತೆಗೆದು, ಚಾಳಿಯಂತೆ ಒಳಮೈ ಹೊರಗೆ ಮಾಡಿ ನೋಡಿದೆ. ಕಂಕುಳ ಬಳಿ ಎರಡು ಕಡೆ ಹೊಲಿಗೆ ಜಾರಿತ್ತು. ನನ್ನ ಯೂನಿಟ್‌ನಲ್ಲಾದರೆ ಆ ಮಾಲು ವಾಪಸ್ಸು. ಅಂಗಡಿಯ ಹುಡುಗಿ ಬಂದು ಏನಾದರೂ ತೊಂದರೆಯೇ ಎಂದು ಕೇಳಿದಳು. ತೊಂದರೆ ಇಲ್ಲವೆಂದು ಅದನ್ನೇ ಕೊಂಡು ತೊಟ್ಟುಕೊಂಡೆ. ಹೊಲಿಗೆ ಜಾರಿದ್ದು ಒಳಗೆ, ಹೆಸರು ಇರುವುದು ಹೊರಗೆ.

ಅಷ್ಟು ಹೊತ್ತಿಗೆ ಶಿವಲೀಲಾ ತನ್ನ ಪಿಎಚ್‌ಡಿಗೆ ಗೈಡ್ ಆಗಬೇಕಿದ್ದ ಪ್ರೊಫೆಸರನ್ನು ಕಾಣುವ ಸಮಯವಾಗಿತ್ತು. ದೊಡ್ಡ ಹೆಸರಿನ ಮನುಷ್ಯ, ಮರ್ಯಾದೆಯ ಮನುಷ್ಯ. ನನಗೂ ಕುರ್ಚಿ ಕೊಡಿಸಿದರು. ಹದಿನೈದು ನಿಮಿಷ ಮಾತಾಡಿದರು. ನಿನ್ನ ಕೆಲಸ ಭಾರತದಲ್ಲಿ ಎಲ್ಲೋ ಒಂದು ಕಡೆ ಅಲ್ಲವೇ ಎಂದರು. ಬಾ, ನಿನಗೂ ಏನಾದರೊಂದು ಕೆಲಸ ಹುಡುಕೋಣ ಎಂದರು. ಎದ್ದು ಕೈ ಕುಲುಕಿದರು. ಹೊರಗೆ ಅವರ ವಿದ್ಯಾರ್ಥಿಗಳು ಯಂತ್ರಗಳನ್ನು ತೋರಿಸಿದರು. ಒಂದೊಂದು ಯಂತ್ರ ನಮ್ಮ ಯೂನಿಟ್‌ನ ವಾಷಿಂಗ್ ಮಿಷನ್ನಿನಷ್ಟು ದೊಡ್ಡದು, ಮಿರಮಿರ ಮಿಂಚುತ್ತಿತ್ತು. ಮೊದಲ ಎರಡು ವರ್ಷ ಹಳಬರ ಕೆಲಸಕ್ಕೆ ಕೈ ಜೋಡಿಸಬೇಕು, ಆಮೇಲೆ ನಮ್ಮದು ಎಂದನಂತೆ ಒಬ್ಬ ಹುಡುಗ. ಇದೆಲ್ಲ ಮಗಳೇ ಆಮೇಲೆ ಹೇಳಿದ್ದು. ನಾನು ಆಗ ಗೋಡೆಯ ಮೇಲಿದ್ದ ಪ್ರಶಸ್ತಿಗಳನ್ನು ಎಣಿಸುತ್ತಿದ್ದೆ.

ವಿಮಾನ ನಿಲ್ದಾಣ

ಎರಡನೇ ಊರಿಗೆ ವಿಮಾನ ತಡವಿತ್ತು. ಶಿವಲೀಲಾ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ನನಗೆ ಕೂರಲಾಗುತ್ತಿರಲಿಲ್ಲ. ಈ ಕೊನೆಯಿಂದ ಆ ಕೊನೆಗೆ ನಡೆದೆ, ನೀರು ಕುಡಿದೆ, ಮತ್ತೆ ನಡೆದೆ. ಮೂರನೇ ಸುತ್ತಿಗೆ ಬಂದಾಗ ಅವಳು ಕೂರಪ್ಪ ಎಂದಳು. ಕೂತೆ.

"ಅಲ್ಲಿಗೆ ಹೋಗಿ ನೋಡಿದ ಮ್ಯಾಲೆ ಹೇಳಬೇಕಂತಿದ್ದೆ. ನನಗ ಎರಡನೇದ್ದೇ ಬೇಕನಸತೈತಿ ಅಪ್ಪಾ."

ನಾನು ಬಹಳ ಮಾತಾಡಿದೆ. ನನ್ನ ಯೂನಿಟ್‌ನಿಂದಲೇ ಉದಾಹರಣೆ ಕೊಟ್ಟೆ. ಒಂದೇ ಥಾನಿನ ಬಟ್ಟೆ, ಒಂದೇ ದಾರ, ಹೊಲಿಯುವವನೂ ಒಬ್ಬನೇ. ಒಂದು ಲೇಬಲ್ ಹಚ್ಚಿದರೆ ಮುಂಬೈಯ ದೊಡ್ಡ ಅಂಗಡಿಯ ಗಾಜಿನೊಳಗೆ ನಿಲ್ಲುತ್ತದೆ, ಇನ್ನೊಂದು ಹಚ್ಚಿದರೆ ಸಂತೆಯಲ್ಲಿ ತಾಡಪತ್ರಿಯ ಮೇಲೆ ರಾಶಿ ಬೀಳುತ್ತದೆ. ಇದನ್ನು ಮೂವತ್ತು ವರ್ಷ ಕಣ್ಣಾರೆ ಕಂಡವನಿಗೆ ಹೆಸರಿನಿಂದೇನು ಎಂದು ಯಾರೂ ಪಾಠ ಹೇಳಬಾರದು. ಹೆಸರಿಲ್ಲದ ಮಾಲನ್ನು ಯಾರೂ ಕೈಯಲ್ಲಿ ಹಿಡಿದು ನೋಡುವುದೂ ಇಲ್ಲ.

"ನಾನೇನು ಪ್ಯಾಂಟೇನಪ್ಪ?" ಎಂದಳು, ಮೆಲ್ಲಗೆ.

ಅಷ್ಟರಲ್ಲಿ ನನ್ನ ಫೋನಿಗೆ ಪಂಪಾಪತಿಯ ಫೋಟೋ ಬಂತು. ಕುರುಗೋಡಿನ ಬಸ್ ಸ್ಟ್ಯಾಂಡಿನ ಎದುರು, ಹತ್ತಡಿ ಅಗಲದ ಫ್ಲೆಕ್ಸು. ನಡುವೆ ಶಿವಲೀಲಾಳ ಮುಖ, ಯಾವುದೋ ಮದುವೆಯಲ್ಲಿ ತೆಗೆದದ್ದು. ಕೆಳಗೆ ಆ ವಿಶ್ವವಿದ್ಯಾಲಯದ ಹೆಸರು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ವಿಶ್ವಕ್ಕೇ ನಂಬರ್ ಒಂದು ಎಂದು. ಸುತ್ತ ಶುಭ ಕೋರುವವರ ಇಪ್ಪತ್ತು ಮುಖಗಳು, ಎಲ್ಲಕ್ಕಿಂತ ದೊಡ್ಡದು ಪಂಪಾಪತಿಯದು. ದೇಶದ ಒಂದನೇ ನಂಬರು ಕುರುಗೋಡು ಮುಟ್ಟುವಷ್ಟರಲ್ಲಿ ವಿಶ್ವದ್ದಾಗಿತ್ತು.

ನಮ್ಮ ಕಡೆ ಫ್ಲೆಕ್ಸಿಗೆ ಹತ್ತಿದ ಸುದ್ದಿ ಮುಗಿದ ಸುದ್ದಿ. ಹಿಂದೆ ಸರಿಯುವ ದಾರಿ ಇರುವುದಿಲ್ಲ. ಫೋನನ್ನು ಅವಳ ಕೈಗೆ ಕೊಟ್ಟೆ. ನೋಡಿ ವಾಪಸ್ಸು ಕೊಟ್ಟಳು. ಆಮೇಲೆ ವಿಮಾನದಲ್ಲಿ ಇಬ್ಬರೂ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡೆವು.

ಪಟ್ಟಿಯ ಕೆಳಗಿನ ಊರು

ಇಳಿದು ಹೊರಗೆ ಬಂದರೆ ನಮ್ಮ ಸಿರುಗುಪ್ಪದ ದಾರಿ. ಸುಳ್ಳಲ್ಲ. ಎತ್ತ ನೋಡಿದರೂ ಚಪ್ಪಟೆ ನೆಲ, ನಡುವೆ ನೇರ ಕಾಲುವೆ, ಗಾಳಿಯಲ್ಲಿ ದನದ ವಾಸನೆ. ಮನೆಗಳು ಮಾತ್ರ ಒಂದಕ್ಕೊಂದು ಸಿಟ್ಟಾದ ಹಾಗೆ ದೂರ ದೂರ. ಇಲ್ಲಿ ಬಾಗಿಲಲ್ಲಿ ಫೋಟೋ ತೆಗೆಸಿಕೊಳ್ಳುವವರಿಲ್ಲ. ಬಾಗಿಲೇ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಪ್ರೊಫೆಸರ್ ಇರುವ ಜಾಗ ಹುಡುಕುತ್ತ ಹೋಗಿ ಒಂದು ತಗಡಿನ ಶೆಡ್ಡಿನ ಮುಂದೆ ನಿಂತೆವು. ಆಗ ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಪ್ಪಾ, ಆ ಸ್ವೆಟರ್ ತಗಿ."

ಚಳಿಯಲ್ಲಿ ನಾನು ಮರೆತೇಬಿಟ್ಟಿದ್ದೆ. ಎದೆ ತುಂಬ ಒಂದನೇ ನಂಬರಿನ ಹೆಸರು ತೊಟ್ಟು ಇವರ ಮನೆಗೆ ಬಂದಿದ್ದೇನೆ. ತೆಗೆಯಲು ಹೋದರೆ ಒಳಗೆ ತೋಳಿಲ್ಲದ ಬನಿಯನ್ನು. ಅಂಗಿ ಪೆಟ್ಟಿಗೆಯಲ್ಲಿ. ಹಾಗಾಗಿ ಹಾಗೇ ಒಳಗೆ ಹೋದೆ, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು.

ಪ್ರೊಫೆಸರ್ ಹೆಣ್ಣುಮಗಳು, ಅರವತ್ತು ದಾಟಿದವರು. ಮೊಣಕಾಲಿಗೆ ಮಣ್ಣು ಮೆತ್ತಿತ್ತು, ಪ್ಯಾಂಟಿನ ಹಿಂದಿನ ಜೇಬು ಹರಿದು ನೇತಾಡುತ್ತಿತ್ತು. ನನ್ನ ಎದೆಯನ್ನು ನೋಡಿ, ಚೆನ್ನಾಗಿ ಬೆಚ್ಚಗಿರಬೇಕು, ನಾನು ಓದುವ ಕಾಲಕ್ಕೆ ಅವರು ನನಗೆ ಸೀಟು ಕೊಡಲಿಲ್ಲ ಎಂದು ದೊಡ್ಡದಾಗಿ ನಕ್ಕರು. ಮೇಜಿನ ಮೇಲೆ ಶಿವಲೀಲಾ ನಮ್ಮ ಕರೂರಿನ ಹೊಲದ ಬಗ್ಗೆ ಬರೆದ ಪ್ರಬಂಧವಿತ್ತು. ಪುಟ ಪುಟಕ್ಕೂ ಪೆನ್ಸಿಲ್ಲಿನ ಗೀಟು. ಕೂರುವ ಮೊದಲೇ ಒಂದು ಪುಟ ತೆರೆದು ಇದು ತಪ್ಪು ಎಂದರು. ಇಲ್ಲ, ಸರಿ ಎಂದಳು ಇವಳು. ನಾನು ಗಾಬರಿಯಾದೆ. ಅವರಿಗೆ ಸಿಟ್ಟು ಬರಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡರು. ವಾದ ನಡೆಯುತ್ತ ನಡೆಯುತ್ತ ನನ್ನ ಕಡೆ ತಿರುಗಿ ಏನೋ ಕೇಳಿದರು. ಕರೂರಿನ ಹೊಲದ ಆ ಮೂಲೆ ಬೆಳ್ಳಗಾಗುವುದು ಕಾಲುವೆ ನೀರು ಬಿಡುವುದು ನಿಂತ ಮೇಲೆಯೋ, ಮೊದಲೋ ಎಂದು, ಮಗಳು ಕನ್ನಡದಲ್ಲಿ ಹೇಳಿದಳು. ನಿಂತು ಎರಡು ವಾರಕ್ಕೆ, ಮೊದಲು ಬದುವಿನ ಬುಡದಲ್ಲಿ, ಆಮೇಲೆ ಒಳಗೆ ಎಂದೆ. ಅದನ್ನು ಅವರು ಬರೆದುಕೊಂಡರು. ಅಮೆರಿಕದಲ್ಲಿ ನನಗೆ ಗೊತ್ತಿರುವುದನ್ನು ಕೇಳಿದವರು ಅವರೊಬ್ಬರೇ.

ಹೊಲಕ್ಕೆ ಹೋಗೋಣ ಎಂದು ಅವರು ಮಣ್ಣು ತುಂಬುವ ದಪ್ಪ ಬಟ್ಟೆಯ ಚೀಲ ಎತ್ತಿದಾಗ ಅದರ ಹಿಡಿಕೆ ಕಿತ್ತು ಬಂತು. ನನ್ನ ಜೇಬಿನಲ್ಲಿ ಸೂಜಿ, ಜೀನ್ಸಿನ ದಪ್ಪ ದಾರ ಯಾವಾಗಲೂ ಇರುತ್ತದೆ. ಚೀಲ ಕೊಡಲು ಮಗಳಿಗೆ ಹೇಳಿ, ಬಾಗಿಲ ಬಳಿ ಬೆಳಕಿಗೆ ಕೂತೆ. ಮೂರು ದಿನದ ಮೇಲೆ ಮೊದಲ ಸಲ ಸಮಾಧಾನದಿಂದ ಒಂದು ಕಡೆ ಕೂತಿದ್ದೆ. ಪ್ರೊಫೆಸರ್ ಬಂದು ಎದುರಿಗೇ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತು ನನ್ನ ಕೈ ನೋಡಿ, ಇದನ್ನು ಕಲಿತದ್ದು ಎಲ್ಲಿ ಎಂದು ಕೇಳಿದರು.

ನಾನು ಹೇಳುತ್ತ ಹೋದೆ, ಶಿವಲೀಲಾ ಇಂಗ್ಲಿಷಿಗೆ ತಿರುಗಿಸುತ್ತ ಹೋದಳು.

ಶಾಲೆ ಬಿಟ್ಟ ಮೇಲೆ ನಾನು ಸೇರಿದ್ದು ಬಳ್ಳಾರಿಯಲ್ಲಿ ಆಗ ಎಲ್ಲರಿಗಿಂತ ಹೆಸರಾದ ಟೇಲರ್ ಅಂಗಡಿ. ಅಲ್ಲಿ ಸೂಟು ಹೊಲಿಸಿದರೆ ಮದುಮಗನಿಗೆ ಬೆಲೆ. ನನ್ನ ಮಗ ಆ ಅಂಗಡಿಯಲ್ಲಿದ್ದಾನೆ ಎಂದು ನಮ್ಮಪ್ಪ ಕರೂರಿನಲ್ಲಿ ಕೇಳದವರಿಗೂ ಹೇಳುತ್ತಿದ್ದ. ಮೂರು ವರ್ಷ ಇದ್ದೆ. ಮೂರು ವರ್ಷವೂ ಕಾಜಾ ಹಾಕಿದೆ, ಗುಂಡಿ ಹಚ್ಚಿದೆ, ಇಸ್ತ್ರಿ ಮಾಡಿದೆ, ಜೋತುಬಿದ್ದ ದಾರ ಕತ್ತರಿಸಿದೆ. ದೊಡ್ಡ ಕತ್ತರಿ ಮುಟ್ಟುವ ಹಾಗಿರಲಿಲ್ಲ. ನನಗಿಂತ ಮೊದಲು ಬಂದವರೇ ಆರು ಜನ ಅದಕ್ಕಾಗಿ ಕಾದಿದ್ದರು. ಒಂದು ದಿನ ಬಿಟ್ಟು ಬಂದೆ. ಸಿರುಗುಪ್ಪ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಕೆಳಗೆ ಒಂದೇ ಮಿಷನ್ನಿನ ಅಂಗಡಿ, ಮಾಬುಸಾಬ್ ಮಾಸ್ಟರದು. ಎಂಟನೇ ದಿನ ನನ್ನ ಕೈಗೆ ಕತ್ತರಿ ಕೊಟ್ಟ. ತಪ್ಪಿದ್ರ ತಪ್ಪಲಿ, ಬಟ್ಟಿ ನಂದು, ಕೈ ನಿಂದು ಅಂದ. ತಪ್ಪಿತು. ಆ ಪ್ಯಾಂಟು ಚಡ್ಡಿಯಾಯಿತು. ಮರುದಿನ ಮತ್ತೆ ಕತ್ತರಿ ಕೊಟ್ಟ.

ಇಲ್ಲಿಗೆ ಬಂದಾಗ ಮಗಳ ಇಂಗ್ಲಿಷು ನಿಂತಿತು. ಮೇಲೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಈ ಕತೆಯನ್ನು ನಾನು ಯೂನಿಟ್‌ನಲ್ಲಿ ಹೊಸಬರು ಬಂದಾಗಲೆಲ್ಲ ಹೇಳಿದ್ದೇನೆ, ಹಬ್ಬದಲ್ಲಿ ಹೇಳಿದ್ದೇನೆ. ಇನ್ನೊಬ್ಬರಿಗೆ ಅರ್ಥವಾಗಲೆಂದು ತುಂಡು ತುಂಡಾಗಿ, ನಿಧಾನವಾಗಿ ಎಂದೂ ಹೇಳಿರಲಿಲ್ಲ. ನನ್ನ ತುಂಡು ಮುಗಿಸಿ ಅವಳ ತುಂಡಿಗೆ ಕಾಯುವ ಹೊತ್ತಿನಲ್ಲಿ ಅದು ನನ್ನ ಕಿವಿಗೇ ಬೀಳುತ್ತಿತ್ತು.

"ಮುಂದ ಏನಾತು ಅಂತ ಕೇಳಾಕತ್ಯಾರ," ಎಂದಳು.

"ದೊಡ್ಡ ಅಂಗಡಿ ಬಿಟ್ಟು ತಗಡಿನ ಅಂಗಡಿಗೆ ಹೋದ ಅಂತ ನಮ್ಮಪ್ಪ ಒಂದು ವರ್ಷ ನನ್ನ ಕೂಡ ಮಾತು ಬಿಟ್ಟ."

ಅದನ್ನು ಅವಳು ಇಂಗ್ಲಿಷಿಗೆ ತಿರುಗಿಸಲಿಲ್ಲ. ಕನ್ನಡದಲ್ಲೇ ಕೇಳಿದಳು.

"ನೀನೂ ಬಿಡ್ತೀಯೇನಪ್ಪ?"

ಪ್ರೊಫೆಸರ್ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದೆ. ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದೆ. ಗಟ್ಟಿ ಇತ್ತು.

"ಇದನ್ನ ಅವರ ಕೈಗೆ ಕೊಡು. ಎಷ್ಟು ಮಣ್ಣು ತುಂಬಿದ್ರೂ ಕೀಳಂಗಿಲ್ಲ ಅಂತ ಹೇಳು," ಎಂದೆ. "ನೀನು ಯಾವಾಗಿಂದ ಬರಬೇಕು ಅಂತನೂ ಕೇಳು."

ಕುರುಗೋಡು

ವಾಪಸ್ಸು ಬರುವ ಮೊದಲೇ ಪಂಪಾಪತಿಗೆ ಫೋನು ಮಾಡಿ ಫ್ಲೆಕ್ಸು ಇಳಿಸು ಎಂದಿದ್ದೆ. ಅವನು ಇಳಿಸಿರಲಿಲ್ಲ. ಸೀಟು ಕೈತಪ್ಪಿತೇನು ಬಾವ ಎಂದು ಕೇಳಿದ್ದ. ಇಲ್ಲ, ಬೇರೆ ಕಡೆ ಹೋಗುತ್ತಾಳೆ ಎಂದರೆ, ಅದು ಎಷ್ಟನೇ ನಂಬರು ಎಂದ. ನಾನು ಹೇಳಿದೆ. ಹಾಗಾದರೆ ಇದೇ ಇರಲಿ ಬಾವ ಎಂದು ಫೋನು ಇಟ್ಟ.

ನಾನೇ ಕತ್ತರಿ ತೆಗೆದುಕೊಂಡು ಕುರುಗೋಡಿಗೆ ಹೋದೆ. ಬಿಸಿಲಿನ ಹೊತ್ತು, ಬಸ್ಸಿಗೆ ಕಾದ ಜನ. ಗೊಬ್ಬರದ ಅಂಗಡಿಯ ಏಣಿ ತಂದು ಪಂಪಾಪತಿ ಕೆಳಗೆ ಹಿಡಿದ, ಮುಖ ಬೇರೆ ಕಡೆ ತಿರುಗಿಸಿ. ಹಗ್ಗ ಕತ್ತರಿಸಿದೆ. ಫ್ಲೆಕ್ಸು ದೊಪ್ಪನೆ ಬಿತ್ತು. ಬಾದನಹಟ್ಟಿಯ ಹಿರಿಯರೊಬ್ಬರು, ನನ್ನ ಹೆಂಡತಿಯ ಕಡೆ ದೂರದ ಸಂಬಂಧ, ಹತ್ತಿರ ಬಂದು ನನ್ನ ಭುಜ ಮುಟ್ಟಿದರು.

"ಹೋಗ್ಲಿ ಬಿಡ್ರಿ ವೀರೇಶಪ್ಪ. ಹುಡಿಗಿ ಶಾಣೇ ಅದಾಳ. ಬರೋ ವರ್ಷ ಸಿಕ್ಕೇ ಸಿಗತೈತಿ."

ಹೇಳಬೇಕೆಂದು ಬಾಯಿ ತೆರೆದೆ. ಅವಳೇ ಬೇಡವೆಂದಳು, ಅವರಲ್ಲ. ಪಟ್ಟಿಗಳು ಮೂರು, ಟೇಪುಗಳು ಮೂರು. ತಗಡಿನ ಶೆಡ್ಡು, ಪೆನ್ಸಿಲ್ಲಿನ ಗೀಟು. ಎಲ್ಲಿಂದ ಶುರು ಮಾಡಲಿ. ಅವರ ಬಸ್ಸು ಬಂದಿತ್ತು. ಹೌದ್ರಿ ಎಂದೆ. ನಾನು ಸೋಲನ್ನು ಒಪ್ಪಿಕೊಂಡವನೇ ಅಲ್ಲ, ಆಗದೇ ಇದ್ದ ಸೋಲನ್ನು ಅವತ್ತು ಒಪ್ಪಿಕೊಂಡೆ. ಅದು ಮೂರು ದಿನ ನನ್ನನ್ನು ಕೂರಲು ಬಿಡಲಿಲ್ಲ.

ಫ್ಲೆಕ್ಸನ್ನು ಅಲ್ಲೇ ನೆಲಕ್ಕೆ ಹಾಸಿ ಎರಡು ತುಂಡು ಮಾಡಿದೆ. ನಂಬರಿದ್ದ ಕೆಳಗಿನ ಭಾಗವನ್ನು ಪಂಪಾಪತಿ ಗೊಬ್ಬರದ ಚೀಲ ಮುಚ್ಚಲು ಇಟ್ಟುಕೊಂಡ. ಮಗಳ ಮುಖವಿದ್ದ ತುಂಡು ಈಗ ನನ್ನ ಯೂನಿಟ್‌ನಲ್ಲಿ ಬಟ್ಟೆಯ ಥಾನುಗಳಿಗೆ ಧೂಳು ತಾಗದಂತೆ ಹೊದಿಸಿದೆ. ಸ್ವೆಟರಿನ ಕಂಕುಳನ್ನು ಬಿಚ್ಚಿ ನಾನೇ ಮತ್ತೆ ಹೊಲಿದೆ. ಬಳ್ಳಾರಿಯಲ್ಲಿ ಅದನ್ನು ತೊಡುವ ಚಳಿ ಎಂದೂ ಬೀಳುವುದಿಲ್ಲ.

ಆ ಪಟ್ಟಿಯನ್ನು ಈಗ ನೋಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಚಹಾ ಕುಡಿಯುತ್ತ ಹೆಬ್ಬೆರಳಿನಿಂದ ಕೆಳಗೆ ತಳ್ಳಿ ತಳ್ಳಿ ಅವಳ ವಿಶ್ವವಿದ್ಯಾಲಯದ ಹೆಸರು ಎಲ್ಲಿದೆಯೆಂದು ಹುಡುಕುತ್ತೇನೆ. ಮೊನ್ನೆ ಹಾಗೆ ಹುಡುಕುತ್ತಿದ್ದಾಗಲೇ ಅವಳ ಫೋನು ಬಂತು. ಸೇರಿ ಎರಡು ದಿನವಾಗಿತ್ತು. ಅಲ್ಲಿ ಸಂಜೆ, ಹೊಲದಿಂದ ಬಂದಿದ್ದಳು. ಮಣ್ಣು ಕೊರೆದು ತೆಗೆಯುವ ಕಬ್ಬಿಣದ ಕೊಳವೆಯನ್ನು ಪ್ರೊಫೆಸರ್ ಇವತ್ತೇ ಕೈಗೆ ಕೊಟ್ಟರೆಂದೂ, ಮೊದಲನೇ ಸಲ ಸೊಟ್ಟ ಇಳಿಸಿ ಮಾದರಿ ಕೆಡಿಸಿದೆನೆಂದೂ, ಮತ್ತೆ ಇಳಿಸು ಎಂದರೆಂದೂ ಹೇಳಿದಳು.

ಮಾಬುಸಾಬ್ ನನಗೆ ಕತ್ತರಿ ಕೊಟ್ಟದ್ದು ಎಂಟನೇ ದಿನ. ಇವಳಿಗೆ ಎರಡನೇ ದಿನಕ್ಕೇ ಸಿಕ್ಕಿದೆ. ಎದ್ದು ಹೋಗಿ ಯೂನಿಟ್‌ನಲ್ಲಿ ಎಲ್ಲರಿಗೂ ಹೇಳಿದೆ, ಕೇಳದವರಿಗೂ.